ಗಂಡ-ಹೆಂಡತಿ ಇಬ್ಬರದೂ ಮನೆತನದ ಚರಿತ್ರೆ: ತವರಿನಿಂದ ಶುರು ಮಾಡಿ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಯ ಸಣ್ಣ ಊರೊಂದರಲ್ಲಿ ಬಾಳಿದ ಗಂಡ-ಹೆಂಡತಿಯ ಮನೆತನದ ಚರಿತ್ರೆ ಬರೆಯಲು ಹೊರಟವರು ಸಾಮಾನ್ಯವಾಗಿ ಗಂಡನ ಕಡೆಯ ಉತಾರ (ಹೊಲದ ಪಹಣಿ) ಕೈಯಲ್ಲಿ ಹಿಡಿದೇ ಹೊರಡುತ್ತಾರೆ. ಅಪ್ಪ, ಮುತ್ಯಾ, ಮುತ್ಯಾನ ಅಪ್ಪ ಎಂದು ನಾಲ್ಕು ತಲೆ ಬೇಗ ಸಿಗುತ್ತವೆ. ಹೆಂಡತಿಯ ವಿಷಯ ಬಂದಾಗ ಮಾತ್ರ "ಕಾಶವ್ವ, ತವರು ಗೋಕಾಕ ಕಡೆ" ಎಂಬ ಒಂದೇ ಸಾಲು. ನಮ್ಮ ಭಾಗದ ಸರಕಾರಿ ಕಾಗದವೆಲ್ಲ ಹೊಲದ ಕಂದಾಯಕ್ಕಾಗಿ ಹುಟ್ಟಿದ್ದು, ಹೊಲ ಇದ್ದದ್ದು ಗಂಡಸರ ಹೆಸರಿಗೆ. ಹೆಣ್ಣಿನ ಕಡೆಯ ವಿವರ ಉಳಿದಿರುವುದು ಹಿರಿಯರ ಬಾಯಲ್ಲಿ, ಆಯೇರಿ (ಮದುವೆಯ ಮುಯ್ಯಿ) ಪಟ್ಟಿಯಲ್ಲಿ, ಅಟ್ಟದ ಮೇಲಿನ ತಾಮ್ರದ ಹಂಡೆಯ ಅಂಚಿನಲ್ಲಿ. ತಹಸೀಲ್ದಾರ ಕಚೇರಿಯ ಕಡತ ಮುಂದಿನ ವರ್ಷವೂ ಅಲ್ಲೇ ಇರುತ್ತದೆ. ಎಂಬತ್ತೈದು ದಾಟಿದ ಚಿಗವ್ವ ಇರುತ್ತಾಳೆಂಬ ಭರವಸೆ ಇಲ್ಲ. ಅದಕ್ಕೇ ಕೆಲಸದ ಸರದಿಯನ್ನು ತಿರುಗಿಸಬೇಕು: ಮೊದಲು ಹೆಂಡತಿಯ ಕಡೆ, ಆಮೇಲೆ ಗಂಡನ ಕಡೆ, ಮೊದಲು ಮನೆ, ಆಮೇಲೆ ಕಚೇರಿ.

ಒಂದು ಜೋಡಿಗೆ ಒಂದು ಹಾಳೆ

ಇನ್ನೂರು ಪುಟದ ಉದ್ದನೆಯ ವಹಿ, ಪೆನ್ಸಿಲ್, ಫೋನು ಇಷ್ಟು ಸಾಕು. ಒಬ್ಬೊಬ್ಬರಿಗೆ ಒಂದು ಹಾಳೆ ಇಡಬೇಡಿ, ಒಂದು ಜೋಡಿಗೆ ಒಂದು ಹಾಳೆ ಇಡಿ. ನಡುವೆ ಗೆರೆ ಎಳೆದು ಎಡಕ್ಕೆ ಗಂಡ, ಬಲಕ್ಕೆ ಹೆಂಡತಿ. ಎರಡೂ ಕಡೆ ಒಂದೇ ಪ್ರಶ್ನೆಗಳು: ಮನೆಯಲ್ಲಿ ಕರೆಯುವ ಹೆಸರು, ಕಾಗದದ ಹೆಸರು, ಅಡ್ಡಹೆಸರು, ಹುಟ್ಟಿದ ಊರು, ತಂದೆ, ತಾಯಿ, ತಾಯಿಯ ತವರು, ಮನೆದೇವರು, ಬೆಡಗು ಅಥವಾ ಗೋತ್ರ. ಕೆಳಗೆ ಮದುವೆಯ ಊರು ಮತ್ತು ವರ್ಷ, ಅವಳು ಗಂಡನ ಮನೆಗೆ ನಡೆಯಲು ಬಂದ ವರ್ಷ, ಹುಟ್ಟಿದ ಮಕ್ಕಳೆಲ್ಲರ ಹೆಸರು. ತೀರಿಕೊಂಡ ಮಕ್ಕಳೂ ಇರಬೇಕು. ಎರಡು ಮಕ್ಕಳ ನಡುವೆ ಐದಾರು ವರ್ಷದ ಅಂತರ ಕಂಡರೆ ನಡುವೆ ಒಂದು ಕೂಸು ಹೋಗಿರುವ ಸಾಧ್ಯತೆ ಹೆಚ್ಚು.

ಮದುವೆಯ ವರ್ಷ, ನಡೆಯಲು ಬಂದ ವರ್ಷ ಎರಡನ್ನೂ ಬೇರೆಯಾಗಿ ಬರೆಯಲು ಹೇಳುವುದಕ್ಕೆ ಕಾರಣವಿದೆ. ಹಳೆಯ ತಲೆಮಾರಿನಲ್ಲಿ ಎಂಟು-ಹತ್ತು ವರ್ಷಕ್ಕೆ ಮದುವೆ, ಮೈನೆರೆದ ಮೇಲೆ ಗಂಡನ ಮನೆ. ಬಾಲ್ಯವಿವಾಹ ತಡೆಯುವ ಶಾರದಾ ಕಾಯ್ದೆ 1930ರ ಏಪ್ರಿಲ್ 1ರಂದು ಜಾರಿಗೆ ಬರುವ ಮುಂಚೆ ಅವಸರ ಅವಸರವಾಗಿ ಮುಗಿಸಿದ ಮದುವೆಗಳು ಬಹಳ. 1929-30ರಲ್ಲಿ ಮದುವೆ, 1938ರಲ್ಲಿ ಚೊಚ್ಚಲು ಎಂದು ಬಂದರೆ ತಪ್ಪು ಬರೆದಿರೆಂದು ತಿಳಿದು ಅಳಿಸಬೇಡಿ.

ಸಂಖ್ಯೆ ಕೊಡುವ ಪದ್ಧತಿ ಸರಳ. ಆ ಜೋಡಿಯ ಮಗ ಅಥವಾ ಮಗಳಿಗೆ 1, ಗಂಡನಿಗೆ 2, ಹೆಂಡತಿಗೆ 3. ಯಾರದೇ ಸಂಖ್ಯೆಯ ಇಮ್ಮಡಿ ಅವರ ತಂದೆ, ಇಮ್ಮಡಿಗೆ ಒಂದು ಕೂಡಿಸಿದರೆ ತಾಯಿ. ಗಂಡನ ತಂದೆ-ತಾಯಿ 4, 5. ಹೆಂಡತಿಯ ತಂದೆ-ತಾಯಿ 6, 7. ಈ ಪದ್ಧತಿ ನಮ್ಮ ಕಡೆ ಬಂದಾಗ ಒಂದು ಕಡೆ ಮುಗ್ಗರಿಸುತ್ತದೆ: ಕಳ್ಳುಬಳ್ಳಿಯಲ್ಲೇ ಕೊಟ್ಟು ತರುವ ಮದುವೆಗಳಿಂದ ಒಬ್ಬರೇ ಎರಡು ಸಂಖ್ಯೆಯಲ್ಲಿ ಬರುತ್ತಾರೆ. ಅದು ಗೊಂದಲವಲ್ಲ, ಲೆಕ್ಕವೇ ಹಾಗೆ. ಅಕ್ಕನ ಮಗಳನ್ನು ಮಾಡಿಕೊಂಡಿದ್ದರೆ 14 ಎಂದರೆ 4, 15 ಎಂದರೆ 5. ಸೋದರಮಾವನ ಮಗಳಾಗಿದ್ದರೆ 12-13 ಮತ್ತು 10-11 ಒಂದೇ ಜೋಡಿ. ಸೋದರತ್ತೆಯ ಮಗಳಾಗಿದ್ದರೆ 14-15 ಮತ್ತು 8-9 ಒಂದೇ. ಹಾಳೆಯ ಮೂಲೆಯಲ್ಲಿ "14=4" ಎಂದು ಕೆಂಪು ಶಾಯಿಯಲ್ಲಿ ಬರೆದು, ಎರಡನೆಯ ಹಾಳೆ ಮಾಡದೆ ಬಿಡಿ. ಇಲ್ಲದಿದ್ದರೆ ಒಬ್ಬ ಮುತ್ಯಾ ಇಬ್ಬರಾಗಿ, ಇಬ್ಬರಿಗೂ ಬೇರೆ ಬೇರೆ ಸಾವಿನ ದಿನ ಅಂಟಿಕೊಳ್ಳುತ್ತದೆ. ಕಂಪ್ಯೂಟರಿನಲ್ಲಿ ಇಡುವವರಿಗೆ ಗ್ರ್ಯಾಂಪ್ಸ್ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ, ಕನ್ನಡ ಅಕ್ಷರ ಒಪ್ಪುತ್ತದೆ, ಇಂಥ ಒಳಸಂಬಂಧಗಳನ್ನೂ ತಾಳಿಕೊಳ್ಳುತ್ತದೆ.

ಭಾಂಡೆ, ಫೋಟೋ, ಆಯೇರಿ

ಮನೆಯೊಳಗಿನ ದಾಖಲೆಗಳಲ್ಲಿ ಜನ ಮರೆಯುವುದು ಭಾಂಡೆ ಸಾಮಾನು. ಮದುವೆಯಲ್ಲಿ ತವರಿನವರು ಕೊಟ್ಟ ಕೊಡ, ಹಂಡೆ, ಪರಾತ, ತಂಬಗಿಗಳ ಮೇಲೆ ಕೊಟ್ಟವರ ಹೆಸರು, ಊರು, ಕೆಲವೊಮ್ಮೆ ತಾರೀಖು ಚುಕ್ಕಿ ಚುಕ್ಕಿಯಾಗಿ ಹೊಡೆಸಿರುತ್ತಾರೆ. ಹೆಂಡತಿಯ ತಂದೆಯ ಅಥವಾ ಸೋದರಮಾವನ ಹೆಸರು ಊರಿನ ಸಮೇತ ಸಿಗುವ ಜಾಗ ಎಷ್ಟೋ ಮನೆಗಳಲ್ಲಿ ಇದೊಂದೇ. ಓದುವ ಬಗೆ: ಒಣ ಬಟ್ಟೆಯಿಂದ ಒರೆಸಿ, ಅಕ್ಷರದ ಮೇಲೆ ಒಂದು ಚಿಟಿಕೆ ವಿಭೂತಿ ಅಥವಾ ಅಕ್ಕಿ ಹಿಟ್ಟು ಸವರಿ, ಬೆರಳಿನಿಂದ ಮೆಲ್ಲಗೆ ಒರೆಸಿದರೆ ಚುಕ್ಕಿಯೊಳಗೆ ಬಿಳಿ ಉಳಿಯುತ್ತದೆ. ದೀಪವನ್ನು ಪಕ್ಕದಿಂದ ಹಿಡಿದು ಫೋಟೋ ತೆಗೆಯಿರಿ. ಸ್ಟೀಲ್ ಜುಂಗಿನಿಂದ ತಿಕ್ಕಬೇಡಿ, ಚುಕ್ಕಿ ಸವೆಯುತ್ತದೆ. ಹಳೆ ತಾಮ್ರ ಕೊಟ್ಟು ಹೊಸ ಸ್ಟೀಲು ತೆಗೆದುಕೊಳ್ಳುವ ಯೋಚನೆಯಲ್ಲಿರುವ ಸೊಸೆಯಂದಿರಿಗೆ ಮೊದಲೇ ಒಂದು ಮಾತು ಹೇಳಿಡಿ.

ಗೋಡೆಯ ಮೇಲಿನ ಹಿರಿಯರ ಫೋಟೋ ಚೌಕಟ್ಟಿನ ಕೆಳಗೆ ಮರಣದ ದಿನ ಬರೆದಿರುವುದುಂಟು. ಹಿಂಬದಿಯಲ್ಲಿ ಸ್ಟುಡಿಯೋದ ಮುದ್ರೆ ಇದ್ದರೆ ಅದನ್ನೂ ಬಿಡಬೇಡಿ. ಗಾಜಿಗೆ ಅಂಟಿದ ಫೋಟೋವನ್ನು ಕೀಳಲು ಹೋದರೆ ಮುಖವೇ ಗಾಜಿನ ಮೇಲೆ ಉಳಿಯುತ್ತದೆ. ಗಾಜಿನ ಮೇಲಿಂದಲೇ, ಫ್ಲ್ಯಾಶ್ ಆರಿಸಿ, ಓರೆಯಾಗಿ ನಿಂತು ತೆಗೆಯಿರಿ. ಹಳೆಯ ಕಾಗದಕ್ಕೆ ಸೆಲ್ಲೋಟೇಪು, ಲ್ಯಾಮಿನೇಶನ್ ಎರಡೂ ಬೇಡ. ಟೇಪಿನ ಅಂಟು ಹತ್ತು-ಹದಿನೈದು ವರ್ಷಕ್ಕೆ ಕಂದಾಗಿ ಅಕ್ಷರ ತಿನ್ನುತ್ತದೆ, ಲ್ಯಾಮಿನೇಶನ್ನಿನಿಂದ ಕಾಗದವನ್ನು ಮರಳಿ ಬಿಡಿಸಲಾಗದು.

ಲಗ್ನಪತ್ರಿಕೆಗಿಂತ ಆಯೇರಿ ಪಟ್ಟಿಗೆ ಬೆಲೆ ಹೆಚ್ಚು. ಪತ್ರಿಕೆಯಲ್ಲಿ ನಾಲ್ಕು ಹೆಸರು, ಆಯೇರಿಯಲ್ಲಿ ನೂರು. ಯಾರು ಯಾವ ಊರಿನಿಂದ ಬಂದು ಎಷ್ಟು ಮಾಡಿದರು ಎಂಬ ಪಟ್ಟಿ ಅದು. ಮೊತ್ತ ದೊಡ್ಡದಿರುವ ಹೆಸರು, ಸೀರೆ-ಧೋತರ ತಂದವರ ಹೆಸರು ಹತ್ತಿರದ ಸಂಬಂಧಿಕರದೇ. ಎರಡು-ಮೂರು ಮದುವೆಗಳ ಪಟ್ಟಿ ಅಕ್ಕಪಕ್ಕ ಇಟ್ಟು, ಎಲ್ಲದರಲ್ಲೂ ಬಂದಿರುವ ಪರಊರಿನ ಹೆಸರುಗಳನ್ನು ಹೆಕ್ಕಿ ತೆಗೆಯಿರಿ. ಹೆಂಡತಿಯ ತಾಯಿಯ ತವರು ಅದರಲ್ಲೇ ಎಲ್ಲೋ ಇರುತ್ತದೆ.

ಪತ್ರಿಕೆಯಲ್ಲಿ ಇಸವಿ ಇಲ್ಲದೆ ಬರೀ ಶಕೆ, ಸಂವತ್ಸರ ಇದ್ದರೆ ಹೀಗೆ ಲೆಕ್ಕ ಹಾಕಿ. ಶಾಲಿವಾಹನ ಶಕೆಗೆ 78 ಕೂಡಿಸಬೇಕು. ಆದರೆ ಜನವರಿ 1ರಿಂದ ಯುಗಾದಿಯವರೆಗಿನ ದಿನಗಳಿಗೆ 79. ಶಕೆ 1870 ವೈಶಾಖ ಎಂದರೆ 1948ರ ಬೇಸಿಗೆ, ಶಕೆ 1870 ಮಾಘ ಎಂದರೆ 1949ರ ಆರಂಭ. ಮಾಘ-ಫಾಲ್ಗುಣದಲ್ಲಿ ಮದುವೆಗಳು ಬಹಳ ನಡೆಯುವುದರಿಂದ ಒಂದು ವರ್ಷದ ತಪ್ಪು ಆಗುವುದು ಇಲ್ಲಿಯೇ. ಸಂವತ್ಸರ ಮಾತ್ರ ಇದ್ದರೆ ಅದು 60 ವರ್ಷಕ್ಕೊಮ್ಮೆ ಮರಳುತ್ತದೆ: ಸರ್ವಧಾರಿ ಎಂದರೆ 1888-89, 1948-49, 2008-09 ಮೂರೂ ಆಗಬಹುದು. ಮನುಷ್ಯರ ವಯಸ್ಸು ನೋಡಿ ಆರಿಸಿ.

ಮಾತಾಡಿಸುವ ಬಗೆ

"ಯಾವ ಇಸವಿ?" ಎಂದು ಕೇಳಿದರೆ ಉತ್ತರ ಬರುವುದಿಲ್ಲ, ಬಂದರೂ ಅಂದಾಜು. "ಆಯಿ, ನೀ ನಡಿಯಾಕ ಬಂದಾಗ ನಿಮ್ಮ ಅತ್ತಿ ಇದ್ದಳೇನು?" "ನಿನ್ನ ಬೆನ್ನಿಗೆ ಹುಟ್ಟಿದವರು ಯಾರು?" "ಕುಬಸ ಮಾಡಾಕ ಯಾವ ಊರಿಂದ ಬಂದಿದ್ದರು?" ಇಂಥ ಪ್ರಶ್ನೆಗೆ ಹೆಸರು, ಊರು, ಸರದಿ ಮೂರೂ ಬರುತ್ತವೆ. ಇಸವಿಯನ್ನು ನೀವು ಘಟನೆಗಳಿಂದ ಕಟ್ಟಿಕೊಳ್ಳಿ. ಗಾಂಧೀಜಿ ಬೆಳಗಾವಿ ಕಾಂಗ್ರೆಸ್ಸಿಗೆ ಬಂದದ್ದು 1924ರ ಡಿಸೆಂಬರ್. ಆಣೆ ಹೋಗಿ ನಯಾಪೈಸೆ ಬಂದದ್ದು 1957ರ ಏಪ್ರಿಲ್. ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಗೆ ಅಡಿಗಲ್ಲು ಹಾಕಿದ್ದು 1964ರ ಮೇ. ಕೊಯ್ನಾ ಭೂಕಂಪ 1967ರ ಡಿಸೆಂಬರ್ 11ರ ನಸುಕಿನಲ್ಲಿ. ಅದಾಗಿ ಐದು ವರ್ಷಕ್ಕೆ ಎಪ್ಪತ್ತೆರಡರ ಬರ. "ಬರದಾಗ ಈ ಕೂಸು ಎದೀ ಮ್ಯಾಲಿತ್ತೋ, ಓಡಾಡತಿತ್ತೋ?" ಎಂದು ಕೇಳಿದರೆ ಒಂದು ವರ್ಷದ ಅಂತರದೊಳಗೆ ಹುಟ್ಟು ಸಿಗುತ್ತದೆ. ಇನ್ನೂ ಹಿಂದಿನವರ ವಿಷಯದಲ್ಲಿ 1918ರ ಇನ್‌ಫ್ಲೂಯೆಂಜಾ ಜ್ವರ, ಅದಕ್ಕೂ ಮೊದಲು ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿದ ಪ್ಲೇಗು ಗುರುತಾಗುತ್ತವೆ. ಪ್ಲೇಗು ಈ ಭಾಗಕ್ಕೆ ಬಂದದ್ದು 1897ರ ನಂತರ, ಬಂದದ್ದೂ ಹಲವು ಸಲ. ಆದ್ದರಿಂದ ಪ್ಲೇಗೊಂದನ್ನೇ ನಂಬಿ ಇಸವಿ ಹಾಕಬೇಡಿ.

ಒಂದು ಸಲಕ್ಕೆ ಮುಕ್ಕಾಲು ಗಂಟೆ ಸಾಕು. ಗಂಡಸರ ನಡುವೆ ಪಡಸಾಲೆಯಲ್ಲಿ ಕೂರಿಸಿ ಕೇಳಿದರೆ ಅಜ್ಜಿಯರು ಬಾಯಿ ಬಿಡುವುದಿಲ್ಲ. ಅಡಿಗೆಮನೆಯಲ್ಲಿ, ಕಾಳು ಹಸನು ಮಾಡುವ ಹೊತ್ತಿನಲ್ಲಿ ಕೇಳಿ. ಇಬ್ಬರು ಅಕ್ಕತಂಗಿಯರಿದ್ದರೆ ಬೇರೆ ಬೇರೆಯಾಗಿ ಮಾತಾಡಿಸಿ. ಉಡಕಿ (ಹೆಣ್ಣಿನ ಮರು) ಮದುವೆ, ಎರಡನೆಯ ಹೆಂಡತಿ, ದತ್ತಕ ಇವನ್ನು ಮೊದಲ ದಿನ ಎತ್ತಬೇಡಿ, ಆದರೆ ಬಿಡಲೂಬೇಡಿ. ಉಡಕಿಯಾಗಿ ಬಂದವಳ ಹಳೆಯ ಕಾಗದ ಮೊದಲಿನ ಗಂಡನ ಹೆಸರಿನಲ್ಲಿ ಇರುತ್ತದೆ. ದತ್ತಕ ಹೋದವನ ತಂದೆಯ ಹೆಸರೇ ಬದಲಾಗಿರುತ್ತದೆ. ಇದು ಗೊತ್ತಿಲ್ಲದೆ ಹುಡುಕಿದರೆ ವರ್ಷಗಟ್ಟಲೆ ತಪ್ಪು ಮನೆಯ ಬಾಗಿಲು ಬಡಿಯುತ್ತೀರಿ.

ಇನ್ನೊಂದು ತೊಡಕು ಎಲ್ಲ ಊರಲ್ಲೂ ಒಂದೇ. ಹೆಣ್ಣುಮಗಳ ತವರಿಗೆ ಹೋಗಿ "ಹಳೇ ಉತಾರ ತೋರಸ್ರಿ" ಅಂದ ಕೂಡಲೇ ಆಸ್ತಿ ಕೇಳಲು ಬಂದಿದ್ದಾರೆ ಎಂದು ಅಳಿಯಂದಿರು, ಮಾವಂದಿರು ಎದ್ದು ಕೂರುತ್ತಾರೆ. ಅಲ್ಲಿ ಫೋಟೋ, ಮನೆದೇವರು, ಸತ್ತವರ ಹೆಸರು ಇಷ್ಟನ್ನೇ ಕೇಳಿ. ಉತಾರವನ್ನು ಅವರಿಂದ ಕೇಳುವ ಅಗತ್ಯವೇ ಇಲ್ಲ, ಅದು ಸಾರ್ವಜನಿಕ ದಾಖಲೆ. ಸರ್ವೆ ನಂಬರ್ ಗೊತ್ತಾದರೆ ಸಾಕು.

ಊರು ಆಗ ಯಾರ ಕೈಯಲ್ಲಿತ್ತು

ಕಚೇರಿಗೆ ಹೋಗುವ ಮುಂಚೆ ಇದೊಂದು ಗೊತ್ತಿರಬೇಕು. ನಮ್ಮ ಮೂರು ಜಿಲ್ಲೆಗಳ ನಕ್ಷೆ 1948ಕ್ಕಿಂತ ಮೊದಲು ತೇಪೆ ಹಾಕಿದ ಕೌದಿಯಂತಿತ್ತು. ಬಹುಪಾಲು ಮುಂಬಯಿ ಪ್ರಾಂತ. ನಡುನಡುವೆ ಜಮಖಂಡಿ, ಮುಧೋಳ, ರಾಮದುರ್ಗ ಸಂಸ್ಥಾನಗಳು. ತೇರದಾಳ ಮತ್ತು ಬೆಳಗಾವಿಯ ಶಹಾಪುರ ಸಾಂಗಲಿಯವು, ರಾಯಬಾಗ ಕೊಲ್ಹಾಪುರದ್ದು. ಈ ಸಣ್ಣ ಸಂಸ್ಥಾನಗಳು ಮುಂಬಯಿಯಲ್ಲಿ ವಿಲೀನವಾದದ್ದು 1948ರ ಮಾರ್ಚಿನಲ್ಲಿ, ಕೊಲ್ಹಾಪುರ 1949ರ ಮಾರ್ಚಿನಲ್ಲಿ. 1956ರ ನವೆಂಬರ್ 1ಕ್ಕೆ ಎಲ್ಲವೂ ಮೈಸೂರು ರಾಜ್ಯ. ಆದರೆ ಚಂದಗಡ ತಾಲೂಕು ಬೆಳಗಾವಿಯಿಂದ ಬೇರ್ಪಟ್ಟು ಮುಂಬಯಿ ರಾಜ್ಯದಲ್ಲೇ ಉಳಿಯಿತು. ಗಂಡನ ಊರು ಬ್ರಿಟಿಷ್ ಮುಲ್ಕಿನಲ್ಲಿ, ಹೆಂಡತಿಯ ತವರು ನಾಲ್ಕು ಹರದಾರಿಯಾಚೆ ಸಂಸ್ಥಾನದಲ್ಲಿ ಎಂಬುದು ಇಲ್ಲಿ ತೀರ ಸಾಮಾನ್ಯ. ಒಂದೇ ಜೋಡಿಗೆ ಎರಡು ಬಗೆಯ ದಫ್ತರ ಹುಡುಕಬೇಕಾಗುತ್ತದೆ.

ಜಿಲ್ಲೆ-ತಾಲೂಕಿನ ಹೆಸರೂ ಸರಿದಾಡಿದೆ. ಕಲಾದಗಿ ಜಿಲ್ಲೆ ಎಂದು ಹಳೆಯ ಕಾಗದದಲ್ಲಿದ್ದರೆ ಅದು ಇಂದಿನ ವಿಜಯಪುರ-ಬಾಗಲಕೋಟೆ; ಮುಖ್ಯ ಠಾಣೆ 1885ರಲ್ಲಿ ಬಿಜಾಪುರಕ್ಕೆ ಹೋಯಿತು. ಬಾಗಲಕೋಟೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಗುಳೇದಗುಡ್ಡ, ಇಳಕಲ್ಲ, ರಬಕವಿ-ಬನಹಟ್ಟಿ, ಮೂಡಲಗಿ, ಕಾಗವಾಡ, ತಾಳಿಕೋಟೆ, ಕೊಲ್ಹಾರ ಇವೆಲ್ಲ ಈಚಿನ ತಾಲೂಕುಗಳು. ಹೊಸ ತಾಲೂಕಿನ ಕಚೇರಿಯಲ್ಲಿ "ಹಳೇದು ಇಲ್ಲ" ಎಂದರೆ ದಾಖಲೆ ಕಳೆದಿದೆ ಎಂದಲ್ಲ. ಮೂಲ ತಾಲೂಕಿನ ರೆಕಾರ್ಡ್ ರೂಮಿನಲ್ಲಿ ಕೇಳಿ.

ನೀರಿನಲ್ಲಿ ಮುಳುಗಿದ ಊರಾದರೆ, ಅದು ಹಿಡಕಲ್, ನವಿಲುತೀರ್ಥ, ಆಲಮಟ್ಟಿ ಯಾವ ಅಣೆಕಟ್ಟಿನದೇ ಇರಲಿ, ಭೂಸ್ವಾಧೀನದ ಅವಾರ್ಡ್ ಪ್ರತಿ ಹುಡುಕಿ. ಪರಿಹಾರ ಹಂಚುವಾಗ ಪಾಲುದಾರರ ಹೆಸರೆಲ್ಲ ಬರೆಯಲೇಬೇಕಾಗಿತ್ತು. ಗಂಡನ ಮನೆಗೆ ಹೋದ ಹೆಣ್ಣುಮಕ್ಕಳು ತಕರಾರು ಹಾಕಿದ್ದರಂತೂ ಅವರ ಊರು, ವಯಸ್ಸು, ಗಂಡನ ಹೆಸರು ಎಲ್ಲ ಆ ಕಡತದಲ್ಲಿರುತ್ತದೆ.

ಉತಾರದಿಂದ ಹಿಂದಕ್ಕೆ

ಇಂದಿನ ಉತಾರದಲ್ಲಿ 9ನೇ ಕಾಲಮ್ಮು ಮಾಲೀಕರ ಹೆಸರು, 10ನೆಯದು ಆ ಹಕ್ಕು ಹೇಗೆ ಬಂತು ಎಂಬುದು, 11 ಇತರ ಹಕ್ಕು ಮತ್ತು ಬೋಜಾ (ಸಾಲದಂಥ ಹೊರೆ), 12 ಸಾಗುವಳಿ. ಮನೆತನ ಹುಡುಕುವವರಿಗೆ 10ನೇ ಕಾಲಮ್ಮಿನ ಎಂ.ಇ. (ಮ್ಯುಟೇಶನ್ ಎಂಟ್ರಿ, ಅಂದರೆ ಹಕ್ಕು ಬದಲಾವಣೆಯ ನೋಂದು) ನಂಬರೇ ಕೀಲಿಕೈ. ಆ ನಂಬರಿನ ಪ್ರತಿ ತೆಗೆಸಿದರೆ "ಖಾತೆದಾರ ಇಂಥ ದಿನ ಮಯತನಾಗಿದ್ದು, ವಾರಸುದಾರರು ಇಂತಿಂಥವರು" ಎಂಬ ವಾರಸಾ ನೋಂದು ಸಿಗುತ್ತದೆ. ಅದರಲ್ಲಿ ಹಿಂದಿನ ಎಂ.ಇ. ನಂಬರ್ ಇರುತ್ತದೆ. ಅದನ್ನು ಹಿಡಿದು ಅದರ ಹಿಂದಿನದು. ಹೀಗೆ ಒಂದೊಂದೇ ಇಳಿಯುತ್ತ ಹೋಗಬೇಕು. ಮುಂಬಯಿ ಪ್ರಾಂತದಲ್ಲಿ ಹಕ್ಕುದಾಖಲೆಯ ಕಾಯ್ದೆ ಬಂದದ್ದು 1903ರಲ್ಲಿ, 1913ರಲ್ಲಿ ಅದು ಕಂದಾಯ ಸಂಹಿತೆಯೊಳಗೆ ಸೇರಿತು. ಆದ್ದರಿಂದ ಬ್ರಿಟಿಷ್ ಮುಲ್ಕಿನ ಊರಿನಲ್ಲಿ ಸುಮಾರು ನೂರು ವರ್ಷದ ಸರಪಳಿ ಸಿಗಬೇಕು.

ಸರಪಳಿ ಕಡಿಯುವುದು ಸರ್ವೆ ನಂಬರ್ ಬದಲಾದಲ್ಲಿ. ಹಿಸ್ಸೆ ಒಡೆದಾಗ 45/2 ಹೋಗಿ 45/2ಅ ಆಗುತ್ತದೆ. ಕೆಲವು ಹಳ್ಳಿಗಳಲ್ಲಿ ತುಕಡಿ ಜೋಡಣೆಯ ಕಾಲಕ್ಕೆ ಸರ್ವೆ ನಂಬರೇ ಹೋಗಿ ಬ್ಲಾಕ್ ನಂಬರ್ ಬಂದಿದೆ. ಹಳೆಯದು-ಹೊಸದರ ನಂಟು ಕ.ಜಾ.ಪ., ಅಂದರೆ ಕಮ್ಮಿ-ಜಾಸ್ತಿ ಪತ್ರಕದಲ್ಲಿ ಸಿಗುತ್ತದೆ. ಅದನ್ನು ಕೇಳದೆ "ಹಳೇ ಉತಾರ ಕೊಡ್ರಿ" ಎಂದಷ್ಟೇ ಅರ್ಜಿ ಕೊಟ್ಟರೆ ಅದೇ ನಂಬರಿನ, ಬೇರೆ ಯಾರದೋ ಹೊಲದ ಕಾಗದ ಕೈಗೆ ಬರುತ್ತದೆ. ಹೆಸರು ಹೊಂದಿಕೆಯಾದರೂ ಕ್ಷೇತ್ರ ಮತ್ತು ಆಕಾರ (ಕಂದಾಯದ ಮೊತ್ತ) ಹೊಂದುತ್ತದೆಯೇ ನೋಡಿ.

ಈಗ ಹೆಂಡತಿಯ ಕಡೆ. ಅವಳ ಹೆಸರು ಹುಡುಕಬೇಕಾದದ್ದು ಗಂಡನ ಹೊಲದಲ್ಲಲ್ಲ, ಅವಳ ತಂದೆಯ ಹೊಲದಲ್ಲಿ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ನಂತರ ತಂದೆ ತೀರಿದ್ದರೆ ವಾರಸಾ ನೋಂದಿನಲ್ಲಿ ಹೆಣ್ಣುಮಕ್ಕಳೂ ಬರಬೇಕು. ಎಷ್ಟೋ ಕಡೆ ಅಣ್ಣತಮ್ಮಂದಿರು ಅವರನ್ನು ಬಿಟ್ಟೇ ಬರೆಸಿದ್ದಾರೆ. ಬಿಡದೆ ಬರೆಸಿದಲ್ಲಿ, ಮುಂದೊಂದು ದಿನ ಅವಳು ಬಂದು ಹಕ್ಕುಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿರುತ್ತಾಳೆ. ಚರಿತ್ರೆ ಬರೆಯುವವರಿಗೆ ಅದು ಒಳ್ಳೆಯ ಕಾಗದ: ತಂದೆಯ ಹೆಸರು, ಗಂಡನ ಹೆಸರು, ಗಂಡನ ಊರು, ವಯಸ್ಸು ಒಂದೇ ಹಾಳೆಯಲ್ಲಿ. ಕರ್ನಾಟಕದಲ್ಲಿ ಪಿತ್ರಾರ್ಜಿತದಲ್ಲಿ ಸಮಪಾಲು ಮದುವೆಯಾಗದ ಹೆಣ್ಣುಮಕ್ಕಳಿಗೆ ಬಂದದ್ದು 1994ರಲ್ಲಿ, ಮದುವೆಯಾದವರಿಗೂ ಬಂದದ್ದು 2005ರಲ್ಲಿ. ಅದರ ನಂತರ ಇಂಥ ಪತ್ರಗಳು ಹೆಚ್ಚು. ಅದಕ್ಕಿಂತ ಹಿಂದೆ ಅರಿಷಿಣ-ಕುಂಕುಮಕ್ಕೆ ಎಂದು ಮಗಳಿಗೆ ಬಿಟ್ಟ ತುಂಡು ಹೊಲ, ವಿಧವೆಗೆ ಪೋಟಗಿ (ಜೀವನಾಂಶ) ಎಂದು ಕೊಟ್ಟ ಜಮೀನು 11ನೇ ಕಾಲಮ್ಮಿನಲ್ಲಿ ಕಾಣಬಹುದು. ಖರೀದಿ, ವಾಟ್ನಿ (ಪಾಲು), ಬಕ್ಷೀಸು (ದಾನ), ದತ್ತಕ ಪತ್ರಗಳ ಪ್ರತಿ ಉಪನೋಂದಣಿ ಕಚೇರಿಯಲ್ಲಿ. ಅಲ್ಲಿ ಹೆಸರಿನ ಸೂಚಿ, ಆಸ್ತಿಯ ಸೂಚಿ ಎಂದು ಎರಡಿರುತ್ತವೆ. ವರ್ಷ ಗೊತ್ತಿಲ್ಲದಿದ್ದರೆ ಆಸ್ತಿಯ ಸೂಚಿಯಿಂದ ಹೋಗುವುದು ಸುಲಭ, ಏಕೆಂದರೆ ಹೊಲದ ಕಾಗುಣಿತ ಬದಲಾಗುವುದಿಲ್ಲ.

ಸ್ವಂತ ಹೊಲ ಇಲ್ಲದವರು? ಲಾವಣಿ (ಗೇಣಿ ಸಾಗುವಳಿ) ಮಾಡಿದ್ದರೆ 1974ಕ್ಕಿಂತ ಹಿಂದಿನ ಉತಾರದ 12ನೇ ಕಾಲಮ್ಮು, ಆಮೇಲೆ ಭೂನ್ಯಾಯ ಮಂಡಳಿಯ ನಮೂನೆ 7ರ ಕಡತ. ಅದರೊಳಗಿನ ಜಬಾನಿಯಲ್ಲಿ (ಹೇಳಿಕೆಯಲ್ಲಿ) ಮನೆಯವರ ವಿವರ ಇರುತ್ತದೆ. ತಳವಾರ, ವಾಲೀಕಾರ, ಕುಲಕರ್ಣಿ, ಗೌಡಕಿ ಹೀಗೆ ಯಾವುದೇ ವತನ (ವಂಶಪಾರಂಪರ್ಯದ ಊರ ಅಧಿಕಾರ) ಇದ್ದ ಮನೆತನವಾದರೆ ಅದೃಷ್ಟವಂತರು. 1874ರ ವತನ ಕಾಯ್ದೆಯ ಕಾಲದಿಂದ ವಾರಸು ಸಾಬೀತು ಮಾಡಲು ವಂಶಾವಳಿಯನ್ನೇ ಬರೆದು ಕೊಡಬೇಕಿತ್ತು. ವತನಗಳು ರದ್ದಾದ ಮೇಲಿನ (ಕುಲಕರ್ಣಿಕಿ 1951ರಲ್ಲಿ, ಗೌಡಕಿ-ತಳವಾರಿಕೆಯಂಥವು 1963ರಲ್ಲಿ) ರೀಗ್ರ್ಯಾಂಟ್, ಅಂದರೆ ಜಮೀನಿನ ಮರುಮಂಜೂರಿ ಆದೇಶದಲ್ಲಿಯೂ ಅದು ಮತ್ತೆ ಬರುತ್ತದೆ. ನೇಕಾರರು, ಬಡಿಗೇರರು, ಪತ್ತಾರರು ಪಟ್ಟಣದಲ್ಲಿದ್ದರೆ ಸಿಟಿ ಸರ್ವೆ ಕಚೇರಿಯ ಪ್ರಾಪರ್ಟಿ ಕಾರ್ಡ್ ನೋಡಿ. ಮನೆಯ ಸಿ.ಟಿ.ಎಸ್. ನಂಬರ್ ಕೊಟ್ಟರೆ ಮೊದಲ ಸರ್ವೆಯಿಂದ ಇಂದಿನವರೆಗಿನ ಹಕ್ಕುದಾರರ ಹೆಸರು ತಾರೀಖಿನ ಸಮೇತ ಒಂದೇ ಕಾರ್ಡಿನಲ್ಲಿ. ಹಳ್ಳಿಯಲ್ಲಾದರೆ ಪಂಚಾಯಿತಿಯ ಮನೆ ಉತಾರ, ಅದು ಬಹಳ ಹಿಂದಕ್ಕೆ ಹೋಗುವುದಿಲ್ಲ.

ಪ್ರಮಾಣಿತ ಪ್ರತಿಗೆ ಸಾದಾ ಅರ್ಜಿಯೇ ಸಾಕು. ಕಚೇರಿಯವರು ಸುಮ್ಮನೆ ತಿರುಗಾಡಿಸುತ್ತಿದ್ದರೆ ಮಾಹಿತಿ ಹಕ್ಕಿನ ಅರ್ಜಿ: 10 ರೂಪಾಯಿ, ಪುಟಕ್ಕೆ 2 ರೂಪಾಯಿ, ಉತ್ತರಕ್ಕೆ 30 ದಿನ. ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. "ನಮ್ಮ ಮನೆತನದ ಎಲ್ಲ ದಾಖಲೆ" ಎಂದು ಕೇಳಿದರೆ ತಿರಸ್ಕಾರ ಖಚಿತ. ಊರು, ಸರ್ವೆ ನಂಬರ್, ಎಂ.ಇ. ನಂಬರ್, ಅಂದಾಜು ಇಸವಿ ಇಷ್ಟಿರಲಿ. ನಾಡಕಚೇರಿಯಲ್ಲಿ ಕೊಡುವ ವಂಶವೃಕ್ಷ ಪ್ರಮಾಣಪತ್ರವನ್ನು ಚರಿತ್ರೆಯ ಆಧಾರವೆಂದು ತಿಳಿಯಬೇಡಿ. ಅದು ಅರ್ಜಿದಾರರು ಹೇಳಿದ್ದನ್ನು ಪಂಚನಾಮೆ ಮಾಡಿ ಬರೆದದ್ದು, ವಾರಸಿಗೆ ಬೇಕಾದಷ್ಟೇ ಅದರಲ್ಲಿರುತ್ತದೆ.

ಮರಾಠಿ ಮತ್ತು ಮೋಡಿ

ಸಂಸ್ಥಾನದ ಕಾಗದಗಳು, ಹತ್ತೊಂಬತ್ತನೇ ಶತಮಾನದ ಕಂದಾಯ ಕಾಗದಗಳು ಹೆಚ್ಚಾಗಿ ಮರಾಠಿಯಲ್ಲಿ, ಅದೂ ಮೋಡಿ ಲಿಪಿಯಲ್ಲಿ. ಪೂರ್ತಿ ಕಟ್ಟನ್ನು ಓದಿಸಲು ಹಣ ಸುರಿಯಬೇಡಿ. ಅಂಕಿಗಳನ್ನು ಮೊದಲು ಕಲಿಯಿರಿ, ಮೋಡಿಯ ಅಂಕಿ ದೇವನಾಗರಿಗೆ ಬಹಳ ಹತ್ತಿರ. ಇಸವಿ, ಊರಿನ ಹೆಸರು, ನಿಮ್ಮ ಅಡ್ಡಹೆಸರು ಈ ಮೂರರ ಆಕಾರ ಗುರುತಿಸಲು ಒಂದು ವಾರ ಸಾಕು. ಆ ಪುಟಗಳನ್ನಷ್ಟೇ ಬಲ್ಲವರಿಂದ ಓದಿಸಿ. "ಬಿನ್" ಎಂದರೆ ಮಗ, "ಕೋಂ" ಅಥವಾ "ಭ್ರತಾರ" ಬಂದರೆ ಗಂಡನ ಹೆಸರು ಮುಂದಿದೆ ಎಂದರ್ಥ. "ಅ.ಪಾ.ಕ." ಎಂದಿದ್ದರೆ ಖಾತೆದಾರ ಅಪ್ರಾಪ್ತ, ಪಾಲನೆಗೆ ಇರುವವರ ಹೆಸರು ಪಕ್ಕದಲ್ಲಿ. ಹೆಚ್ಚಾಗಿ ಅದು ತಾಯಿ. ಗಂಡ ಸತ್ತು ಮಗ ಚಿಕ್ಕವನಿದ್ದಾಗ ಮಾತ್ರ ಕಾಗದದ ಮೇಲೆ ಮೂಡಿ, ಮಗ ದೊಡ್ಡವನಾದೊಡನೆ ಮಾಯವಾಗುವ ಹೆಂಗಸರ ಹೆಸರುಗಳು ಹೀಗೆಯೇ ಉಳಿದಿವೆ. ಸುಹೂರ್ ಸನ್ ಎಂಬ ಹಳೆಯ ಲೆಕ್ಕ ಬಂದರೆ 599 ಅಥವಾ 600 ಕೂಡಿಸಿ. ಕೊಲ್ಹಾಪುರದ ಕಾಗದ ಕೊಲ್ಹಾಪುರದ ಪುರಾಭಿಲೇಖಾಗಾರದಲ್ಲಿ, ಪೇಶ್ವೆ ದಫ್ತರ ಪುಣೆಯಲ್ಲಿ, ಮುಂಬಯಿ ಸರಕಾರದ್ದು ಮುಂಬಯಿಯಲ್ಲಿ. ಅಷ್ಟು ದೂರ ಹೋಗುವ ಅಗತ್ಯ ಎಲ್ಲರಿಗೂ ಬೀಳುವುದಿಲ್ಲ.

ಹೆಸರು ಒಂದೇ, ಮನುಷ್ಯ ಬೇರೆ

ಮುತ್ಯಾನ ಹೆಸರು ಮೊಮ್ಮಗನಿಗೆ ಇಡುವ ರೂಢಿಯಿಂದ ಬಸಪ್ಪ ಮಲ್ಲಪ್ಪ, ಮಲ್ಲಪ್ಪ ಬಸಪ್ಪ, ಮತ್ತೆ ಬಸಪ್ಪ ಮಲ್ಲಪ್ಪ ಎಂದು ಸಾಲು ಹೋಗುತ್ತದೆ. 1925ರ ಬಸಪ್ಪನನ್ನೂ 1970ರ ಬಸಪ್ಪನನ್ನೂ ಒಬ್ಬನೇ ಮಾಡಿ 110 ವರ್ಷ ಬದುಕಿಸಿದ ವಂಶವೃಕ್ಷಗಳು ಬೇಕಾದಷ್ಟಿವೆ. ಹೆಂಡತಿಯ ಹೆಸರು ಪಕ್ಕದಲ್ಲಿದ್ದರೆ ಈ ತಪ್ಪು ಆಗುವುದಿಲ್ಲ. ಜೋಡಿಗೊಂದು ಹಾಳೆ ಇಡುವುದರ ಲಾಭ ಇಲ್ಲಿ ಕಾಣುತ್ತದೆ.

ಅಡ್ಡಹೆಸರನ್ನು ಅತಿಯಾಗಿ ನಂಬಬೇಡಿ. ಕನ್ನಡ ಶಾಲೆಯ ವಹಿಯಲ್ಲಿ ಗೌಡರ, ಮರಾಠಿ ಕಾರಕೂನ ಬರೆದಲ್ಲಿ ಪಾಟೀಲ, ಮನೆ ಒಂದೇ. ಊರು ಬಿಟ್ಟು ಬಂದವರಿಗೆ ಬಿಟ್ಟ ಊರೇ ಅಡ್ಡಹೆಸರಾಗುತ್ತದೆ: ಮುಧೋಳ, ಬೆಳಗಲಿ, ಹಿಪ್ಪರಗಿ. ಇದು ಉಪಕಾರವೇ, ಮೂಲ ಊರಿನ ಸುಳಿವು. ಉಳ್ಳಾಗಡ್ಡಿ, ಮೆಣಸಿನಕಾಯಿ, ಬೆಲ್ಲದ, ತುಪ್ಪದ ಎಂಬಂಥವು ವ್ಯಾಪಾರದಿಂದ ಬಂದವು, ಅಣ್ಣತಮ್ಮಂದಿರಲ್ಲೇ ಬೇರೆ ಬೇರೆ ಇರಬಹುದು. ಮನೆದೇವರು ಇದಕ್ಕಿಂತ ನಿಧಾನವಾಗಿ ಬದಲಾಗುತ್ತದೆ. ಗೊಡಚಿ ವೀರಭದ್ರ, ಸವದತ್ತಿ ಎಲ್ಲಮ್ಮ, ಬಾದಾಮಿ ಬನಶಂಕರಿ, ಚಿಂಚಲಿ ಮಾಯಕ್ಕ ಇಂಥ ದೊಡ್ಡ ದೇವರಾದರೆ ಭಕ್ತರು ಎಲ್ಲೆಡೆಯವರು, ಸುಳಿವು ಕಡಿಮೆ. ಹೆಸರೇ ಕೇಳಿರದ ಸಣ್ಣ ಹಳ್ಳಿಯ ದೇವರಾದರೆ ಮನೆತನ ಅಲ್ಲಿಂದಲೇ ಎದ್ದು ಬಂದಿರುವ ಸಾಧ್ಯತೆ ಬಹಳ.

ಹೆಣ್ಣುಮಕ್ಕಳ ವಿಷಯದಲ್ಲಿ ಮದುವೆಯಲ್ಲಿ ಹೆಸರು ಬದಲಿಸಿದ್ದಾರೆಯೇ ಎಂದು ಕೇಳಲೇಬೇಕು. ತವರಿನ ಹೆಸರಿನ ಏಕೈಕ ಕಾಗದ ಹೆಚ್ಚಾಗಿ ಶಾಲೆಯ ದಾಖಲಾತಿ ವಹಿ. ಹೆಣ್ಣುಮಕ್ಕಳ ಶಾಲೆ ಬೇರೆ ಇದ್ದ ಊರುಗಳಲ್ಲಿ ವಹಿಯೂ ಬೇರೆ. ಎರಡನೆಯ ಇಯತ್ತೆಗೇ ಬಿಡಿಸಿದ್ದರೂ ಹೆಸರು ಇರುತ್ತದೆ, ತಂದೆಯ ಹೆಸರು, ಜಾತಿ, ಹುಟ್ಟಿದ ಊರು ಇರುತ್ತವೆ. ಹುಟ್ಟಿದ ದಿನ ಜೂನ್ 1 ಎಂದಿದ್ದರೆ ಅದು ಮಾಸ್ತರರು ಹಾಕಿದ್ದು. ವರ್ಷವನ್ನೂ ಒಂದೆರಡು ಆಚೀಚೆ ಇಟ್ಟುಕೊಳ್ಳಿ.

ಜನನ-ಮರಣದ ವಹಿ ಹುಡುಕುವಾಗ ಚೊಚ್ಚಲು ಹೆರಿಗೆ ತವರಿನಲ್ಲಿ ಎಂಬುದನ್ನು ಮರೆಯಬೇಡಿ. ಹಿರಿಯ ಮಗನ ಜನನ ಗಂಡನ ಊರಿನ ವಹಿಯಲ್ಲಿ ಇಲ್ಲವೆಂದರೆ ನೋಂದಣಿಯೇ ಆಗಿಲ್ಲ ಎಂದಲ್ಲ, ಹೆಂಡತಿಯ ತವರೂರಿನಲ್ಲಿ ಆಗಿರುತ್ತದೆ. ಅದು ಅವಳ ತವರಿಗೆ ಸಿಗುವ ಸರಕಾರಿ ಪುರಾವೆಯೂ ಹೌದು. 1969ರ ಕಾಯ್ದೆ ಜಾರಿಯಾಗುವ ಮುಂಚಿನ ನೋಂದುಗಳಲ್ಲಿ ಕೂಸಿನ ಹೆಸರಿನ ಜಾಗ ಖಾಲಿ ಇರುವುದೇ ಹೆಚ್ಚು, ತೊಟ್ಟಿಲಿಗೆ ಹಾಕುವ ಮೊದಲೇ ಬರೆಸಿದ್ದು. ತಂದೆಯ ಹೆಸರಿನಿಂದ ಹುಡುಕಿ, ತಿಂಗಳು-ವರ್ಷ ಹೊಂದಿಸಿ. ಮುಸ್ಲಿಂ ಮನೆತನವಾದರೆ ಖಾಜಿಗಳ ನಿಕಾಹ್ ವಹಿ, ಕ್ರೈಸ್ತರಾದರೆ ಚರ್ಚಿನ ದೀಕ್ಷಾಸ್ನಾನ ಮತ್ತು ಮದುವೆಯ ವಹಿ. ಗುಳೇದಗುಡ್ಡದಂಥ ಬಾಸೆಲ್ ಮಿಶನ್ ಊರುಗಳಲ್ಲಿ ಇವು ಹಳೆಯವು.

ಹೆಳವರ ವಹಿ

ಸುಗ್ಗಿಯ ನಂತರ ಎತ್ತು, ಗಾಡಿಯೊಡನೆ ಬಂದು ಮನೆತನದ ಸಾಲು ಹೇಳುವ ಹೆಳವರು ನಮ್ಮ ಭಾಗದ ಭಾಗ್ಯ. ಅವರು ಬಂದಾಗ ನಿಮ್ಮಲ್ಲಿರುವ ಹೆಸರನ್ನು ಮೊದಲೇ ಹೇಳಬೇಡಿ. ಅವರೇ ಪೂರ್ತಿ ಹೇಳಲಿ, ಧ್ವನಿ ಮುದ್ರಿಸಿಕೊಳ್ಳಿ, ಆಮೇಲೆ ವಹಿಯ ಪುಟದ ಫೋಟೋಗೆ ಅಪ್ಪಣೆ ಕೇಳಿ. ಕಾಳು-ಕಡಿ, ದಕ್ಷಿಣೆ ಧಾರಾಳವಾಗಿರಲಿ, ಅದು ಅವರ ವೃತ್ತಿ. ಅವರ ವಹಿ ಹಳೆಯದರಿಂದ ಹೊಸದಕ್ಕೆ ಮತ್ತೆ ಮತ್ತೆ ನಕಲಾದದ್ದು. ಈಚಿನ ನಾಲ್ಕೈದು ತಲೆ ಉತಾರದೊಡನೆ ತಾಳೆಯಾದರೆ ಅದರ ಹಿಂದಿನದಕ್ಕೂ ತೂಕ ಬರುತ್ತದೆ. ಬೆಡಗು, ಮನೆದೇವರು, ಮೂಲ ಊರು, ಅಲ್ಲಿಂದ ಒಡೆದು ಹೋದ ದಾಯಾದಿಗಳ ಊರು ಇದರಲ್ಲಿ ಅವರು ಗಟ್ಟಿ. ಸಾಲು ಬಹುಮಟ್ಟಿಗೆ ಗಂಡುಮಕ್ಕಳದು. ಹೆಂಡತಿಯ ಕಡೆಗೆ ಅವಳ ತವರಿನ ಹೆಳವರೇ ಬೇಕು. ಅವರು ಆ ಊರಿಗೆ ಯಾವಾಗ ಬರುತ್ತಾರೆಂದು ಅಲ್ಲಿಯವರಿಗೆ ಹೇಳಿಟ್ಟು, ಬಂದ ದಿನ ಹೋಗಬೇಕು.

ನಾಸಿಕ, ತ್ರ್ಯಂಬಕದಲ್ಲಿ ಶ್ರಾದ್ಧ ಮಾಡಿಸಿದ ಮನೆತನಗಳಿಗೆ ಅಲ್ಲಿನ ತೀರ್ಥಪುರೋಹಿತರ ವಹಿ ಇದೆ. ಅದು ಊರು ಮತ್ತು ಅಡ್ಡಹೆಸರಿನ ಮೇಲೆ ಹಂಚಿಕೆಯಾಗಿದೆ. ಇಂದಿನ ವಾಸದ ಊರಲ್ಲ, ಮೂಲ ಊರು ಹೇಳಿ. ತರ್ಪಣ ಬಿಡುವ ಮನೆಗಳಲ್ಲಿ ತಾಯಿಯ ತಂದೆ, ಮುತ್ಯಾ, ಮುತ್ಯಾನ ತಂದೆ ಮೂವರ ಹೆಸರೂ ಬಾಯಿಪಾಠ ಇರುತ್ತದೆ. ಮನೆಯ ಹಿರಿಯ ಗಂಡುಮಗನನ್ನು ಕೇಳಿದರೆ ಐದು ನಿಮಿಷದಲ್ಲಿ 6, 12, 24 ಮೂರೂ ಹಾಳೆ ತುಂಬುತ್ತವೆ. ಹೂಳುವ ಪದ್ಧತಿಯ ಮನೆಗಳಲ್ಲಿ ಹೊಲದ ಬದುವಿನ ಸಮಾಧಿಗಳ ಕಲ್ಲು ನೋಡಿ. ಹೊಲ ಮಾರಿದ್ದರೂ ಸಮಾಧಿ ಬಿಟ್ಟು ಮಾರಿರುತ್ತಾರೆ, ಖರೀದಿ ಪತ್ರದ ಚೆಕ್ಕುಬಂದಿಯಲ್ಲಿ ಅದರ ಉಲ್ಲೇಖ ಇರಬಹುದು.

ಬರೆದಿಡುವಾಗ

ಪ್ರತಿ ವಾಕ್ಯದ ಅಂಚಿಗೆ ಒಂದು ಗುರುತು: ಕಾಗದ ಕಣ್ಣಾರೆ ನೋಡಿದ್ದಕ್ಕೆ "ನೋ", ಇಬ್ಬರು ಬೇರೆ ಬೇರೆಯಾಗಿ ಹೇಳಿದ್ದಕ್ಕೆ "ಕೇ2", ಒಬ್ಬರೇ ಹೇಳಿದ್ದಕ್ಕೆ "ಕೇ1". ಎರಡು ಮಾತು ಹೊಂದದಿದ್ದರೆ ಎರಡನ್ನೂ ಬರೆಯಿರಿ, ನಡುವಿನದೊಂದನ್ನು ನೀವೇ ಹುಟ್ಟಿಸಬೇಡಿ. ಬದುಕಿರುವವರ ಆಧಾರ್, ಖಾತೆ, ಸರ್ವೆ ನಂಬರು ಯಾವುದೂ ಮನೆಮಂದಿಯ ವಾಟ್ಸಾಪ್ ಗುಂಪಿಗೆ ಹೋಗಬಾರದು. ಕೋರ್ಟಿನಲ್ಲಿ ದಾವೆ ನಡೆದಿರುವ ಹೊಲದ ವಿವರ ದಾವೆ ಮುಗಿಯುವ ತನಕ ನಿಮ್ಮ ವಹಿಯಲ್ಲೇ ಇರಲಿ.

ಕರಡು ಆದಮೇಲೆ ಎರಡು ಪ್ರತಿ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿ. ಒಂದು ಗಂಡನ ಮನೆಗೆ, ಒಂದು ಹೆಂಡತಿಯ ತವರಿಗೆ. ಸಾಲುಗಳ ನಡುವೆ ಬೆರಳಷ್ಟು ಜಾಗ ಬಿಟ್ಟು, ಕೆಂಪು ಪೆನ್ನು ಜೊತೆಗೆ ಕೊಟ್ಟು, ಒಂದು ತಿಂಗಳು ಅಲ್ಲೇ ಬಿಡಿ. ಪಂಚಮಿಗೆ ಹೆಣ್ಣುಮಕ್ಕಳೆಲ್ಲ ತವರಿಗೆ ಬರುತ್ತಾರೆ, ಆ ಹೊತ್ತಿಗೆ ಪ್ರತಿ ಅಲ್ಲಿರುವಂತೆ ನೋಡಿಕೊಂಡರೆ ತಿದ್ದುಪಡಿ ಹೆಚ್ಚು ಬರುತ್ತದೆ.